ಮಂಡೆಬಿಸಿಗೊಂದು ಪ್ರಶ್ನಾವಳಿ



ನಮ್ಮ ಮಲೆನಾಡಿನಲ್ಲಿ ದಾರಿಯಲ್ಲಿ ಇಬ್ಬರು ಎದುರಾದರೆ ಮೊದಲ ಮಾತು "ಆರಾಮಾ?" ಎಂಬುದು. ಅದಕ್ಕೆ ಬರುವ ಉತ್ತರವೂ ಗೊತ್ತಿದ್ದದ್ದೇ: "ಹೂಂ, ಹೀಗೇ ನಡೀತಾ ಉಂಟು." ಕೊಪ್ಪದ ಬಸ್ ನಿಲ್ದಾಣದಲ್ಲಾಗಲಿ, ಶೃಂಗೇರಿಯ ತುಂಗಾತೀರದಲ್ಲಾಗಲಿ, ನರಸಿಂಹರಾಜಪುರದ ಪೇಟೆಯಲ್ಲಾಗಲಿ ದಿನಕ್ಕೆ ನೂರು ಸಲ ಈ ಪ್ರಶ್ನೋತ್ತರ ನಡೆಯುತ್ತದೆ. ಕೇಳಿದವನು ಉತ್ತರಕ್ಕಾಗಿ ಕಾಯುವುದಿಲ್ಲ. ಹೇಳಿದವನು ತಾನು ಹೇಳಿದ್ದು ನಿಜವೆ ಎಂದು ಯೋಚಿಸುವುದೂ ಇಲ್ಲ. ಅದೊಂದು ಲೋಕಾರೂಢಿ. ಆದರೆ ಇದೇ ಪ್ರಶ್ನೆಯನ್ನು ಹತ್ತಾರು ಬಗೆಯಾಗಿ ಕಾಗದದ ಮೇಲೆ ಅಚ್ಚುಹಾಕಿಸಿ, ಉತ್ತರಕ್ಕೆ ಇಷ್ಟಿಷ್ಟು ಎಂದು ಅಂಕ ಕೊಟ್ಟು, ಕೂಡಿ ಕಳೆದು, ಮನುಷ್ಯನ ಮನಸ್ಸಿನ ಮೇಲೆ ಎಷ್ಟು ಹೊರೆ ಬಿದ್ದಿದೆ, ಅದನ್ನು ಅವನು ಹೇಗೆ ಹೊರುತ್ತಿದ್ದಾನೆ ಎಂದು ತಿಳಿಯುವ ವಿದ್ಯೆಯೊಂದು ಬೆಳೆದಿದೆ. ಅಂಥ ಪ್ರಶ್ನಾವಳಿಯೊಂದನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂತು. ಆಗ ನಾನು ಪಟ್ಟ ಪಾಡನ್ನೂ ಕಲಿತ ಪಾಠವನ್ನೂ ಈ ಹೊತ್ತು ನಿಮ್ಮ ಮುಂದೆ ಇಡುತ್ತೇನೆ.

ನಾನು ಹೈಸ್ಕೂಲಿನ ಮಕ್ಕಳಿಗೆ ಸಂಧಿ ಸಮಾಸಗಳನ್ನು ಹೇಳಿಕೊಡುವ ಕನ್ನಡ ಪಂಡಿತ. ಮನಶ್ಶಾಸ್ತ್ರ ನನ್ನ ವಿಷಯವಲ್ಲ. ಆದರೂ ಹಿಂದೆ ನನ್ನಲ್ಲಿ ಓದಿ ಈಗ ನರ್ಸ್ ಆಗಿರುವ ಹುಡುಗಿಯೊಬ್ಬಳು ಒಂದು ಸಂಜೆ ಮನೆಗೆ ಬಂದಳು. ಕೈಯಲ್ಲಿ ಎರಡು ಹಾಳೆ. "ಸಾರ್, ಇದು ಇಂಗ್ಲಿಷಿಂದ ಯಾರೋ ಕನ್ನಡ ಮಾಡಿದ್ದು. ಇದನ್ನು ಹಿಡಿದುಕೊಂಡು ಮನೆ ಮನೆಗೆ ಹೋದರೆ ಜನ ನನ್ನ ಮುಖ ನೋಡ್ತಾರೆ. ಸ್ವಲ್ಪ ಸರಿ ಮಾಡಿಕೊಡಿ" ಎಂದಳು. ಮೊದಲ ಹಾಳೆಯಲ್ಲಿದ್ದ ಪ್ರಶ್ನೆಗಳು ಮನಸ್ಸಿನ ಹೊರೆಯನ್ನು ಅಳೆಯುವುದಕ್ಕೆ. ಎರಡನೆಯದರಲ್ಲಿದ್ದವು ಆ ಹೊರೆಯನ್ನು ನಿಭಾಯಿಸುವ ಬಗೆಯನ್ನು ತಿಳಿಯುವುದಕ್ಕೆ. ಎರಡನೆಯ ಹಾಳೆಯ ತಲೆಬರಹ, 'ಒತ್ತಡ ನಿರ್ವಹಣಾ ಪ್ರಶ್ನಾವಳಿ'. ಅದರ ಮೊದಲ ಪ್ರಶ್ನೆ: 'ಒತ್ತಡದಾಯಕ ಸನ್ನಿವೇಶಗಳ ನಿರ್ವಹಣೆಗಾಗಿ ತಾವು ವಿಶ್ರಾಂತಿ ತಂತ್ರಗಳನ್ನು ಅಳವಡಿಸಿಕೊಂಡಿರುವಿರಾ?'

ಪಂಡಿತನಾದ ನನಗೇ ಇದನ್ನು ಎರಡು ಸಲ ಓದಬೇಕಾಯಿತು. ಅಡಿಕೆ ಸುಲಿಯುತ್ತ ಕುಳಿತಿದ್ದ ಅಜ್ಜಿಯೊಬ್ಬರಿಗೆ ಹುಡುಗಿ ಇದನ್ನು ಓದಿ ಹೇಳಿದಾಗ ಬಂದ ಉತ್ತರ ಇದು: "ತಂತ್ರ ಗಿಂತ್ರ ಎಂತದೂ ಮಾಡಿಸಿಲ್ಲ ಮಗಾ. ಸಣ್ಣವನಿಗೆ ಜ್ವರ ಬಿಡದೆ ಇದ್ದಾಗ ಒಂದು ತಾಯಿತ ಕಟ್ಟಿಸಿದ್ದು, ಅಷ್ಟೆ." ಹುಡುಗಿ ನಗುತ್ತ ಹೇಳಿದಳು, ನಾನೂ ನಕ್ಕೆ. ಆದರೆ ಹಾಳೆಯಲ್ಲಿ ಆ ಅಜ್ಜಿಯ ಹೆಸರಿನ ಮುಂದೆ 'ಇಲ್ಲ' ಎಂದು ಗುರುತಾಗಿತ್ತು. ಕಷ್ಟವನ್ನು ಸುಧಾರಿಸಿಕೊಳ್ಳಲು ಆಕೆಗೆ ದಾರಿಯೇ ತಿಳಿಯದು ಎಂಬುದು ಆ ಗುರುತಿನ ಅರ್ಥ. ಐವತ್ತು ವರ್ಷ ಸಂಸಾರ ತೂಗಿಸಿದ ಹೆಂಗಸಿಗೆ ಕಷ್ಟ ಸುಧಾರಿಸಲು ಬರುವುದಿಲ್ಲ ಎಂದು ಒಂದು ಕಾಗದ ಹೇಳಿತು! ಅಲ್ಲಿಗೆ ನನ್ನ ನಗು ನಿಂತಿತು.

ಮೂಲ ಶಬ್ದದಿಂದಲೇ ಆರಂಭಿಸೋಣ. ಇಂಗ್ಲಿಷಿನ 'ಸ್ಟ್ರೆಸ್' ಎಂಬ ಮಾತು ಎಂಜಿನಿಯರರ ಬಳಕೆಯಲ್ಲಿರುವುದು. ತೊಲೆಯ ಮೇಲೆ, ಕಬ್ಬಿಣದ ಸರಳಿನ ಮೇಲೆ ಬೀಳುವ ಒತ್ತಡದ ಲೆಕ್ಕದಲ್ಲಿ ಬರುವುದು. 1936ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿದ್ದ ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ, ಚಳಿಯಾಗಲಿ, ಗಾಯವಾಗಲಿ, ಅತಿಶ್ರಮವಾಗಲಿ, ಪೆಟ್ಟು ಯಾವುದೇ ಇದ್ದರೂ ದೇಹ ಅದನ್ನು ಎದುರಿಸುವ ಬಗೆಯಲ್ಲಿ ಒಂದು ಸಾಮ್ಯವಿದೆ ಎಂದು ಪ್ರಕಟಿಸಿದರು. ಮುಂದೆ ಇದಕ್ಕೆ 'ಸ್ಟ್ರೆಸ್' ಎಂಬ ಹೆಸರೇ ನಿಂತು, ದೇಹದಿಂದ ಮನಸ್ಸಿಗೂ ಹಬ್ಬಿ, ಲೋಕದ ಎಲ್ಲ ಭಾಷೆಗಳ ಬಾಗಿಲನ್ನೂ ತಟ್ಟಿತು. ಜಪಾನಿಯರು ಅದನ್ನು ಬಾಗಿಲು ತೆರೆದು ಹಾಗೆಯೇ ಒಳಕ್ಕೆ ಕರೆದುಕೊಂಡರು. ಅವರ ಉಚ್ಚಾರಣೆಯಲ್ಲಿ ಅದು 'ಸುತೊರೆಸು'. ನಾವು ಬಸ್ಸು, ಕಾರು ಎಂದು ಕೊನೆಗೊಂದು ಉಕಾರ ಹಚ್ಚುವಂತೆಯೇ ಅವರೂ ಹಚ್ಚಿದ್ದಾರೆ ನೋಡಿ. ನಮ್ಮ ಪಟ್ಟಣದವರು ಅದರ ಬದಲು 'ಟೆನ್ಷನ್ನು' ಎನ್ನುತ್ತಾರೆ. ಗ್ರಂಥಸ್ಥ ಕನ್ನಡದಲ್ಲಿ 'ಒತ್ತಡ' ಬಂದಿದೆ. ಕೆಟ್ಟ ಶಬ್ದವೇನೂ ಅಲ್ಲ. 'ಒತ್ತು' ಧಾತುವಿನಿಂದ ಹುಟ್ಟಿದ ಅಚ್ಚಗನ್ನಡ ಮಾತು. ಆದರೆ ನಮ್ಮ ಕಡೆಯ ರೈತನ ಬಾಯಲ್ಲಿ ಅದು ಇಲ್ಲ. ಅವನಿಗೆ ಒತ್ತಡವೆಂದರೆ ಮೇಲಿನವರು ಕೆಳಗಿನವರಿಗೆ ಹೇರುವುದು. ಮನಸ್ಸಿನ ಹೊರೆಗೆ ಅವನ ಮಾತು 'ಮಂಡೆಬಿಸಿ'.

ಎಂಥ ಮಾತು ನೋಡಿ! ಮಂಡೆಯೂ ನಮ್ಮದು, ಬಿಸಿಯೂ ನಮ್ಮದು. ಮಗಳ ಮದುವೆ, ಬ್ಯಾಂಕಿನ ಸಾಲ, ಕೊಳೆರೋಗದ ಔಷಧಿ ಹೊಡೆಯಲು ಆಳು ಸಿಕ್ಕದಿರುವುದು, ಎಲ್ಲಕ್ಕೂ ಈ ಒಂದೇ ಮಾತು ಸಾಲುತ್ತದೆ. 'ಒತ್ತಡ ನಿರ್ವಹಣೆ' ಎಂಬುದಾದರೋ ಕನ್ನಡ ಸಂಸ್ಕೃತಗಳನ್ನು ಬೆಸೆದ ಅರಿಸಮಾಸ. ಕೇಶಿರಾಜನ ಶಿಷ್ಯರಿಗೆ ಇದರ ಮೇಲೆ ಹೇಗೂ ಪ್ರೀತಿಯಿಲ್ಲ. ಅದಕ್ಕಿಂತ ದೊಡ್ಡ ತೊಡಕು 'ನಿರ್ವಹಣೆ'ಯ ಅರ್ಥದಲ್ಲಿದೆ. ಕಚೇರಿಯನ್ನು ನಿರ್ವಹಿಸಬಹುದು, ಖಾತೆಯನ್ನು ನಿರ್ವಹಿಸಬಹುದು. ಮಂಡೆಬಿಸಿಯನ್ನು ಯಾರೂ ನಿರ್ವಹಿಸುವುದಿಲ್ಲ. ಅದನ್ನು ತಾಳುತ್ತಾರೆ, ನುಂಗಿಕೊಳ್ಳುತ್ತಾರೆ, ಮರೆಯುತ್ತಾರೆ, ನಿಭಾಯಿಸುತ್ತಾರೆ, ಸುಧಾರಿಸಿಕೊಳ್ಳುತ್ತಾರೆ. ಇವು ಐದೂ ಬೇರೆ ಬೇರೆ. ನುಂಗಿಕೊಂಡವನು ಒಳಗೇ ಬೇಯುತ್ತಾನೆ. ಸುಧಾರಿಸಿಕೊಂಡವನು ಎದ್ದು ನಡೆಯುತ್ತಾನೆ. 'ತಾಳಿದವನು ಬಾಳಿಯಾನು' ಎಂಬ ನಮ್ಮ ಗಾದೆ ಈ ಎರಡರಲ್ಲಿ ಯಾವುದನ್ನು ಹೇಳುತ್ತದೆ ಎಂಬುದು ವಿಚಾರ ಮಾಡತಕ್ಕ ವಿಷಯ.

ನಮ್ಮ ವ್ಯಾಕರಣವೂ ಇಲ್ಲಿ ಒಂದು ಮಾತು ಹೇಳುತ್ತದೆ. ಇಂಗ್ಲಿಷಿನವನು ದುಃಖಕ್ಕೆ ತಾನೇ ಕರ್ತೃವಾಗಿ ನಿಲ್ಲುತ್ತಾನೆ. ನಾವು 'ನನಗೆ ಬೇಸರವಾಯಿತು', 'ನನಗೆ ಹೆದರಿಕೆ ಬಂತು' ಎನ್ನುತ್ತೇವೆ. ಬೇಸರ ಬರುವುದು, ನಾವು ಚತುರ್ಥೀ ವಿಭಕ್ತಿಯಲ್ಲಿ ಜಗಲಿಯ ಮೇಲೆ ಕುಳಿತು ಅದನ್ನು ಬರಮಾಡಿಕೊಳ್ಳುವುದು! ಆದ್ದರಿಂದ 'ನೀವು ನಿಮ್ಮ ಒತ್ತಡವನ್ನು ಹೇಗೆ ನಿರ್ವಹಿಸುತ್ತೀರಿ?' ಎಂದು ಕೇಳಿದರೆ, ಬಂದ ನೆಂಟನನ್ನು ಹೇಗೆ ಓಡಿಸುತ್ತೀರಿ ಎಂದು ಕೇಳಿದಂತಾಗಿ ಜನ ತಬ್ಬಿಬ್ಬಾಗುತ್ತಾರೆ. 'ಮನಸ್ಸಿಗೆ ಭಾರವಾದಾಗ ಸುಧಾರಿಸಿಕೊಳ್ಳಲಿಕ್ಕೆ ಎಂತ ಮಾಡ್ತೀರಿ?' ಎಂದರೆ ಉತ್ತರ ಬರುತ್ತದೆ.

ಈ ತೊಡಕನ್ನು ಮೊದಲು ಕಂಡವನು ನಾನೇನೂ ಅಲ್ಲ. ನಮ್ಮ ಆಗುಂಬೆ ಘಾಟಿಯನ್ನಿಳಿದು ಕಡಲಿನ ಕಡೆಗೆ ಹೋದರೆ ಕೋಟ ಎಂಬ ಊರಿದೆ; 1902ರಲ್ಲಿ ಶಿವರಾಮ ಕಾರಂತರು ಹುಟ್ಟಿದ ಊರು. ಕಾರ್ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬ ಇಬ್ಬರು ಮನೋವೈದ್ಯರು ಆ ಊರಿನಲ್ಲಿ ಅಧ್ಯಯನ ನಡೆಸಿ, 1976ರಲ್ಲಿ 'ಕೋಟದ ಮಹಾವಿಶ್ವ' ಎಂಬ ಅರ್ಥದ ಹೆಸರಿಟ್ಟು ಇಂಗ್ಲಿಷಿನಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಮನಸ್ಸಿನ ಒತ್ತಡ, ಸಮಾಜದ ಬದಲಾವಣೆ, ಮನೋವ್ಯಾಧಿ, ಈ ಮೂರಕ್ಕೆ ಇರುವ ನಂಟು ಅದರ ವಿಷಯ. ಅಪ್ಪನಿಂದ ಮಗನಿಗೆ ಆಸ್ತಿ ಇಳಿಯುವ ಬ್ರಾಹ್ಮಣರು, ಅಳಿಯಸಂತಾನದ ಬಂಟರು ಮತ್ತು ಮೊಗವೀರರು, ಈ ಮೂರು ಸಮುದಾಯಗಳನ್ನು ಅವರು ಆರಿಸಿಕೊಂಡರು. ಪಶ್ಚಿಮದ ಪ್ರಶ್ನಾವಳಿಗಳನ್ನು ಹಾಗೆಯೇ ತಂದರೆ ನಮ್ಮ ನಾಡಿಗೆ ಒದಗುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ನಮ್ಮವರು ಮನಸ್ಸಿನ ಸಂಕಟವನ್ನು ಮೈಯ ಮೇಲೆ ಹಾಕಿ ಹೇಳುತ್ತಾರೆ: ಎದೆ ಡವಗುಟ್ಟುತ್ತದೆ, ಕೈಕಾಲು ಸೋಲುತ್ತದೆ, ಹೊಟ್ಟೆಯಲ್ಲಿ ಉರಿ. ಕೆಲವೊಮ್ಮೆ ಮೈಮೇಲೆ ಬರುವುದೂ ಉಂಟು. ಆದ್ದರಿಂದ ಅವರು ಭಾರತದ ಜನಕ್ಕೆಂದೇ ಹೊಸ ಪ್ರಶ್ನಾವಳಿಗಳನ್ನು ಸಿದ್ಧಪಡಿಸಿ, 1974ರಲ್ಲಿ ಪ್ರಕಟಿಸಿದರು. ಜನ ಕಷ್ಟ ಬಂದಾಗ ವೈದ್ಯರ ಬಳಿಗಷ್ಟೇ ಅಲ್ಲ, ಮಂತ್ರವಾದಿಯ ಬಳಿಗೂ ಪಾತ್ರಿಯ ಬಳಿಗೂ ಹೋಗುತ್ತಾರೆ ಎಂಬುದನ್ನು ಹಗುರವಾಗಿ ನೋಡದೆ ಬರೆದುಕೊಂಡರು. ನಮ್ಮ ಅಡಿಕೆ ಸುಲಿಯುವ ಅಜ್ಜಿಯ ತಾಯಿತಕ್ಕೆ ಅವರ ಪುಸ್ತಕದಲ್ಲಿ ಜಾಗವಿತ್ತು. ನನ್ನ ವಿದ್ಯಾರ್ಥಿನಿಯ ಹಾಳೆಯಲ್ಲಿ ಇರಲಿಲ್ಲ.

ಕೋಟದ ಕೆಲಸ ಒಂದು ಊರಿಗಾಗಿ ನಡೆದದ್ದು. ಒಂದೇ ಪ್ರಶ್ನಾವಳಿಯನ್ನು ಲೋಕಕ್ಕೆಲ್ಲ ಒಪ್ಪುವಂತೆ ಮಾಡಹೊರಟರೆ ಏನಾದೀತು? ಅದನ್ನೂ ಮಾಡಿ ನೋಡಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯವರು 1990ರ ದಶಕದ ಆರಂಭದಲ್ಲಿ 14 ದೇಶಗಳ 15 ನಗರಗಳಲ್ಲಿ, ಸಾಮಾನ್ಯ ಕಾಯಿಲೆಗಳಿಗೆಂದು ವೈದ್ಯರ ಬಳಿ ಬಂದ ಸುಮಾರು 26,000 ಜನರನ್ನು 12 ಪ್ರಶ್ನೆಗಳ ಒಂದು ಪಟ್ಟಿಯಿಂದ ಪರೀಕ್ಷಿಸಿದರು. ಆ ನಗರಗಳಲ್ಲಿ ನಮ್ಮ ಬೆಂಗಳೂರೂ ಒಂದು, ಜಪಾನಿನ ನಾಗಸಾಕಿಯೂ ಒಂದು. ಆ ಪಟ್ಟಿ ಇಂಗ್ಲೆಂಡಿನ ಡೇವಿಡ್ ಗೋಲ್ಡ್‌ಬರ್ಗ್ ಅವರದು. 1972ರಲ್ಲಿ ಬಂದ 60 ಪ್ರಶ್ನೆಗಳ ದೊಡ್ಡ ಪಟ್ಟಿಯ ಸಂಕ್ಷೇಪ. ಅವರಲ್ಲಿ 5,438 ಜನರನ್ನು ಮತ್ತೆ ಕೂರಿಸಿಕೊಂಡು ವಿವರವಾಗಿ ಮಾತಾಡಿಸಿದರು. ವೈದ್ಯರ ಬಳಿ ಮೈನೋವು, ತಲೆನೋವು ಎಂದು ಬಂದವರಲ್ಲಿ ಹೆಚ್ಚುಕಡಮೆ ನಾಲ್ವರಲ್ಲಿ ಒಬ್ಬರಿಗೆ ಮನಸ್ಸಿನ ತೊಂದರೆ ಇದ್ದದ್ದು ಕಂಡುಬಂತು. ಬೇರೆ 10 ಭಾಷೆಗಳಿಗೆ ಹೋದರೂ ಪಟ್ಟಿ ತಕ್ಕಮಟ್ಟಿಗೆ ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ಇಷ್ಟು ಅಂಕ ದಾಟಿದರೆ ತೊಂದರೆ ಎಂದು ಎಳೆಯುವ ಗೆರೆ ಮಾತ್ರ ಎಲ್ಲ ಊರಿಗೂ ಒಂದೇ ಆಗಲಿಲ್ಲ. ಒಂದು ಊರಿನ ಸೇರು ಇನ್ನೊಂದು ಊರಿನಲ್ಲಿ ಅಷ್ಟೇ ಹಿಡಿಯಲಿಲ್ಲ.

ಯಾಕೆ ಹೀಗೆ? ಜಪಾನಿನ ಒಂದು ಸಂಗತಿ ಕೇಳಿ. ಅಲ್ಲಿನ ನೌಕರರನ್ನೂ ಅಮೆರಿಕದ ನೌಕರರನ್ನೂ ಇಂಥ ಪಟ್ಟಿಗಳಿಂದ ಹೋಲಿಸಿದ ವಿದ್ವಾಂಸರಿಗೆ ಒಂದು ವಿಚಿತ್ರ ಕಂಡಿತು. 'ದುಃಖವಾಯಿತೆ?' ಎಂಬಂಥ ಪ್ರಶ್ನೆಗಳಿಗೆ ಎರಡು ದೇಶದವರೂ ಬಹುಮಟ್ಟಿಗೆ ಒಂದೇ ಬಗೆಯಾಗಿ ಉತ್ತರಿಸಿದರು, 'ಸಂತೋಷವಾಗಿದ್ದಿರಾ?' ಎಂಬಂಥ ಪ್ರಶ್ನೆಗಳಿಗೆ ಮಾತ್ರ ಜಪಾನೀಯರು 'ಹೌದು' ಎನ್ನಲು ಹಿಂಜರಿದರು. ಅವರು ಹೆಚ್ಚು ದುಃಖಿಗಳೆಂದಲ್ಲ. ತನ್ನ ಸುಖವನ್ನು ತಾನೇ ಸಾರಿಕೊಳ್ಳುವುದು ಅಲ್ಲಿ ಮರ್ಯಾದೆಯಲ್ಲ. ಇದನ್ನು ಓದಿದಾಗ ನನಗೆ ನಮ್ಮೂರೇ ಕಂಡಿತು. ನಮ್ಮಲ್ಲಿ ಯಾರಾದರೂ 'ನಾನು ಬಹಳ ಸುಖವಾಗಿದ್ದೇನೆ' ಎಂದಾರೆಯೆ? ಅಂದರೆ ದೃಷ್ಟಿಯಾದೀತು! ಬೆಳೆ ಚೆನ್ನಾಗಿ ಬಂದವನೂ 'ಏನೋ, ದೇವರು ನಡೆಸಿದ ಹಾಗೆ' ಎನ್ನುತ್ತಾನೆ. ಇನ್ನೊಂದು ನಿಷೇಧ ಪ್ರಶ್ನೆಯ ತೊಡಕು. 'ನಿದ್ದೆ ಬರಲಿಲ್ಲವೆ?' ಎಂದರೆ ಜಪಾನೀಯ 'ಹೌದು' ಎಂದರೆ ಬರಲಿಲ್ಲ ಎಂದರ್ಥ. ಇಂಗ್ಲಿಷಿನವನು 'ನೋ' ಎಂದರೆ ಬರಲಿಲ್ಲ. ನಮ್ಮವರು 'ಹೌದು, ಬರಲಿಲ್ಲ' ಎಂದೂ ಹೇಳುತ್ತಾರೆ, 'ಇಲ್ಲ, ಬರಲಿಲ್ಲ' ಎಂದೂ ಹೇಳುತ್ತಾರೆ. ಬರಿಯ 'ಹೌದು', 'ಇಲ್ಲ' ಎಂದು ಗುರುತು ಹಾಕಿಕೊಂಡು ಹೋದರೆ ನಿದ್ದೆಗೆಟ್ಟವನೂ ನಿದ್ದೆಬಂದವನೂ ಒಂದೇ ಸಾಲಿನಲ್ಲಿ ಕೂತಾರು. ಅದಕ್ಕಾಗಿ ನಾನು ನಿಷೇಧ ಪ್ರಶ್ನೆಗಳನ್ನೆಲ್ಲ ತೆಗೆದು 'ರಾತ್ರಿ ನಿದ್ದೆ ಹೇಗೆ?' ಎಂದು ಬರೆದೆ.

ಎರಡನೆಯ ಹಾಳೆಯಲ್ಲಿ ಐದು ಮೆಟ್ಟಿಲಿನ ಒಂದು ಪ್ರಶ್ನೆಯಿತ್ತು. ಮನುಷ್ಯ ಯಾವ ಅಭ್ಯಾಸವನ್ನಾದರೂ ಒಮ್ಮೆಗೇ ಬದಲಿಸುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಬದಲಿಸುತ್ತಾನೆ ಎಂದು ಅಮೆರಿಕದ ಪ್ರೊಚಾಸ್ಕ ಮತ್ತು ಡಿಕ್ಲೆಮೆಂಟೆ ಎಂಬವರು 1983ರಲ್ಲಿ ಬೀಡಿ ಸಿಗರೇಟು ಬಿಡುವವರನ್ನು ನೋಡಿ ವಿವರಿಸಿದರು. ಮನಸ್ಸಿನ ಹೊರೆಯನ್ನು ಇಳಿಸಿಕೊಳ್ಳುವುದಕ್ಕೂ ಆ ಮೆಟ್ಟಿಲುಗಳನ್ನು ಅನ್ವಯಿಸಿದ್ದಾರೆ. ಆ ಬಗೆಯ ಪ್ರಶ್ನೆಗಳು ಜಪಾನಿ ಭಾಷೆಗೂ ಹೋಗಿವೆ. ನಮ್ಮ ಹಾಳೆಯಲ್ಲಿ ಅವು 'ಪೂರ್ವಚಿಂತನಾ ಹಂತ, ಚಿಂತನಾ ಹಂತ' ಎಂದು ಉಪನಿಷತ್ತಿನಂತೆ ಗಂಭೀರವಾಗಿದ್ದವು. ನಾನು ಹೀಗೆ ಬರೆದೆ: 'ಅದರ ಗೊಡವೆಗೇ ಹೋಗಿಲ್ಲ, ಏನಾದರೂ ಮಾಡಬೇಕು ಅಂದುಕೊಂಡಿದ್ದೇನೆ, ಇಷ್ಟರಲ್ಲೇ ಶುರುಮಾಡುತ್ತೇನೆ, ಶುರುಮಾಡಿದ್ದೇನೆ, ಈಗ ರೂಢಿಯಾಗಿದೆ.' ಹುಡುಗಿ ಓದಿ ನೋಡಿ, "ಸಾರ್, ಇದು ನನಗೂ ಅರ್ಥ ಆಯ್ತು" ಎಂದಳು. 'ತಮಗಾಗಿ ಸಮಯ ಮೀಸಲಿಡುವಿರಾ?' ಎಂಬ ಪ್ರಶ್ನೆಗೆ ಒಬ್ಬ ಗೃಹಿಣಿ ಮೊದಲು ನಕ್ಕುಬಿಟ್ಟರಂತೆ: "ನಂಗೆ ಅಂತ ಹೊತ್ತಾ?" ಸ್ವಲ್ಪ ತಡೆದು ಹೇಳಿದರಂತೆ: "ಬೆಳಿಗ್ಗೆ ಕೊಟ್ಟಿಗೆಯಲ್ಲಿ ಹಾಲು ಕರೆಯುವಾಗ ಯಾರೂ ಮಾತಾಡಿಸುವುದಿಲ್ಲ. ಅದೇ ನಂಗೆ ಆರಾಮ." ಹಾಲು ಕರೆಯುವುದು ಕೆಲಸವೋ ವಿಶ್ರಾಂತಿಯೋ? ಪಟ್ಟಿಗೆ ಗೊತ್ತಿಲ್ಲ, ಆಕೆಗೆ ಗೊತ್ತು.

ಭಾಷಾಂತರ ಸರಿಯಾಗಿದೆಯೆ ಎಂದು ನೋಡಲು ಶಾಸ್ತ್ರದಲ್ಲಿ ಒಂದು ಉಪಾಯವಿದೆ. ಕನ್ನಡಕ್ಕೆ ಬಂದದ್ದನ್ನು, ಮೂಲ ಕಾಣದ ಇನ್ನೊಬ್ಬರ ಕೈಯಲ್ಲಿ ಮತ್ತೆ ಇಂಗ್ಲಿಷಿಗೆ ಮಾಡಿಸಿ ಎರಡನ್ನೂ ಹೋಲಿಸುವುದು. 1970ರಲ್ಲಿ ಬ್ರಿಸ್ಲಿನ್ ಎಂಬವರು ಇದರ ಕ್ರಮವನ್ನು ವಿವರಿಸಿದ್ದಾರೆ. ಒಳ್ಳೆಯ ಉಪಾಯವೇ. ಆದರೆ 'ವಿಶ್ರಾಂತಿ ತಂತ್ರ'ವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿದರೆ ಮೂಲದ ಶಬ್ದವೇ ಚೊಕ್ಕವಾಗಿ ಸಿಕ್ಕುತ್ತದೆ! ಪರೀಕ್ಷೆಯಲ್ಲಿ ಅದು ಪಾಸು. ಅಡಿಕೆ ಚಪ್ಪರದ ಕೆಳಗೆ ಫೇಲು. ಆದ್ದರಿಂದ ಕೊನೆಯ ಪರೀಕ್ಷಕರು ಇಂಗ್ಲಿಷ್ ಬಲ್ಲವರಲ್ಲ, ಉತ್ತರ ಹೇಳಬೇಕಾದವರೇ.

ಇದು ನನಗೆ ಮನದಟ್ಟಾದದ್ದು ಮನೆಯೊಳಗೇ. ಶೃಂಗೇರಿಯ ಕಡೆ ನನ್ನ ದೊಡ್ಡಪ್ಪನ ಮಗ ಅಣ್ಣನೊಬ್ಬನಿದ್ದಾನೆ. ಎರಡೆಕರೆ ಅಡಿಕೆ ತೋಟ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ತೋಟಗಳನ್ನು ಹಳದಿ ಎಲೆ ರೋಗ ತಿನ್ನುತ್ತಿರುವುದು ನಿಮಗೆಲ್ಲ ತಿಳಿದದ್ದೇ. ಗರಿ ಹಳದಿಯಾಗುತ್ತದೆ, ಕಾಯಿ ಉದುರುತ್ತದೆ, ಫಸಲು ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಹೊಡೆದು ಗುಣಪಡಿಸುವ ಔಷಧಿಯಿಲ್ಲ. ತಿದ್ದಿದ ಹಾಳೆಯನ್ನು ಮೊದಲು ಅವನಿಗೇ ಕೊಟ್ಟೆ. ಉತ್ತರದ ಕಾಲಂಗಳು ಗೋಲ್ಡ್‌ಬರ್ಗರ ಪಟ್ಟಿಯ ಮಾದರಿಯಲ್ಲೇ ಇದ್ದವು: ಎಂದಿಗಿಂತ ಮೇಲು, ಎಂದಿನಂತೆ, ಎಂದಿಗಿಂತ ಕಡಮೆ, ತೀರ ಕಡಮೆ. ಅಣ್ಣ ಕನ್ನಡಕ ಹಾಕಿಕೊಂಡು ಎಲ್ಲ ಪ್ರಶ್ನೆಗಳಿಗೂ 'ಎಂದಿನಂತೆ' ಎಂದು ಗುರುತು ಹಾಕಿಕೊಟ್ಟ. ಅಂಕ ಕೂಡಿದೆ: ಸೊನ್ನೆ. "ಅತ್ತಿಗೆ, ಅಣ್ಣನಿಗೆ ಏನೂ ಮಂಡೆಬಿಸಿ ಇಲ್ಲವಂತೆ, ಶಾಸ್ತ್ರವೇ ಹೇಳುತ್ತದೆ" ಎಂದು ನಗೆಯಾಡಿದೆ.

ಅತ್ತಿಗೆ ನಗಲಿಲ್ಲ. ಕಾಫಿಯ ಲೋಟ ಕೆಳಗಿಟ್ಟು, "ಎಂತ ಎಂದಿನ ಹಾಗೆ? ಅವರು ಸರಿಯಾಗಿ ನಿದ್ದೆ ಮಾಡದೆ ಮೂರು ವರ್ಷ ಆಯ್ತು. ರಾತ್ರಿ ಎರಡು ಗಂಟೆಗೆ ಬ್ಯಾಟರಿ ಹಿಡಿದು ತೋಟಕ್ಕೆ ಹೋಗಿ ಮರ ಎಣಿಸ್ತಾರೆ. ಎಂದಿನ ಹಾಗೆ ಅಂದ್ರೆ ನಮ್ಮನೆಯಲ್ಲಿ ಅದೇ" ಎಂದರು. ಅಣ್ಣ ತಲೆಯೆತ್ತಲಿಲ್ಲ.

ಶ್ರೋತೃಗಳೆ, ಭಾಷಾಂತರದಲ್ಲಿ ಶಬ್ದ ತಪ್ಪಿರಲಿಲ್ಲ. ಅಣ್ಣ ಸುಳ್ಳು ಹೇಳಿರಲಿಲ್ಲ. ದುಃಖ ಹಳೆಯದಾಗಿತ್ತು, ಅಷ್ಟೆ. ಹಳೆಯದಾದ ದುಃಖ ಎಂದಿನದೇ ಆಗಿಬಿಡುತ್ತದೆ. ಈ ಲೋಪವನ್ನು ಬಲ್ಲವರು 1985ರಲ್ಲೇ ಎತ್ತಿ ತೋರಿಸಿ, ದುಃಖ ಚಿಂತೆಗಳ ಪ್ರಶ್ನೆಗೆ 'ಎಂದಿನಂತೆ' ಎಂದವನಿಗೂ ಒಂದು ಅಂಕ ಸೇರಿಸಬೇಕೆಂದು ಸೂಚಿಸಿದ್ದರು ಎಂದು ಆಮೇಲೆ ತಿಳಿಯಿತು. ನಾನೂ ಹುಡುಗಿಯೂ ಸೇರಿ ಹಾಳೆಯ ಕೊನೆಗೆ ಒಂದು ಸಾಲು ಕೂಡಿಸಿದೆವು: 'ಇದು ಎಷ್ಟು ಕಾಲದಿಂದ ಹೀಗೆ?' ಇನ್ನೊಂದು ಪ್ರಶ್ನೆಯನ್ನೂ ತಿದ್ದಿದೆವು. ಅಮೆರಿಕದ ಕೋಹೆನ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪಟ್ಟಿಯೊಂದರಲ್ಲಿ, ಬಾಳು ತನ್ನ ಹಿಡಿತ ಮೀರಿದೆ ಎಂಬ ಭಾವನೆಯೇ ಒತ್ತಡದ ಒಂದು ಮುಖ್ಯ ಗುರುತು. ನಮ್ಮಲ್ಲಿ 'ನಮ್ಮ ಕೈಯಲ್ಲಿ ಏನಿದೆ?' ಎಂಬುದನ್ನು ಸೋತವನೂ ಹೇಳುತ್ತಾನೆ, ನೆಮ್ಮದಿಯಾಗಿರುವವನೂ ಹೇಳುತ್ತಾನೆ. ಮಾತು ಒಂದೇ; ಹೇಳುವ ದನಿ ಬೇರೆ. ಆದ್ದರಿಂದ ಆ ಮಾತು ಬಂದಲ್ಲಿ ನಿಂತು, 'ಹಾಗಂದುಕೊಂಡರೆ ಮನಸ್ಸು ಹಗುರವಾಗುತ್ತದೋ, ಭಾರವಾಗುತ್ತದೋ?' ಎಂದು ಕೇಳುವಂತೆ ಬರೆದೆವು.

ಅಣ್ಣನನ್ನು ಶಿವಮೊಗ್ಗದ ವೈದ್ಯರೊಬ್ಬರಿಗೆ ತೋರಿಸಿದೆವು. ಮೊದಲು ಬರಲೊಪ್ಪಲಿಲ್ಲ, ಬಂದಮೇಲೆ ಎರಡು ಗಂಟೆ ಮಾತಾಡಿದ. ಈಗ ರಾತ್ರಿ ಮಲಗುತ್ತಾನೆ. ತೋಟ ಹಳದಿಯಾಗಿಯೇ ಇದೆ. ಅದಕ್ಕೆ ಪ್ರಶ್ನಾವಳಿಯಲ್ಲಿ ಮದ್ದಿಲ್ಲ. ಆದರೆ ಆ ಹೊರೆಯನ್ನು ಅವನೊಬ್ಬನೇ ಹೊರು‍ವುದು ತಪ್ಪಿತು.

ಜಪಾನಿನಲ್ಲಿ 2015ರ ಡಿಸೆಂಬರಿನಿಂದ 50 ಅಥವಾ ಅದಕ್ಕೂ ಹೆಚ್ಚು ನೌಕರರಿರುವ ಸಂಸ್ಥೆಗಳು ವರ್ಷಕ್ಕೊಮ್ಮೆ ಇಂಥ ಒತ್ತಡದ ತಪಾಸಣೆಯನ್ನು ಏರ್ಪಡಿಸಬೇಕೆಂದು ಕಾನೂನಿದೆ. ಅಡಿಕೆ ತೋಟಕ್ಕೆ ಅಂಥ ಕಾನೂನನ್ನು ಯಾರು ತರಬೇಕು? ಆದರೂ ಒಂದು ಅನುಕೂಲ ನಮಗಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ 'ಟೆಲಿ ಮಾನಸ್' ಎಂಬ ಸರ್ಕಾರದ ಉಚಿತ ದೂರವಾಣಿ ಸೇವೆ, ಸಂಖ್ಯೆ 14416. ಕನ್ನಡದಲ್ಲಿಯೇ ಮಾತಾಡಬಹುದು. 'ಒತ್ತಡ' ಎಂಬ ಶಬ್ದ ನೆನಪಾಗದಿದ್ದರೆ ಚಿಂತೆಯಿಲ್ಲ, 'ಮಂಡೆಬಿಸಿ' ಎಂದೇ ಹೇಳಿ.

ಅಷ್ಟರವರೆಗೆ, ನಮ್ಮ ಮನೆಗಳಲ್ಲಿ ಅಚ್ಚುಹಾಕಿಸದ ಒಂದು ಪ್ರಶ್ನಾವಳಿ ಹಿಂದಿನಿಂದಲೂ ಇದ್ದೇ ಇದೆ. ಅದರಲ್ಲಿ ಇರುವುದು ಒಂದೇ ಪ್ರಶ್ನೆ: "ಆರಾಮಾ?" ಆ ಪ್ರಶ್ನೆಯನ್ನು ಭಾಷಾಂತರಿಸಬೇಕಾಗಿಲ್ಲ. ಕೇಳಿದ ಮೇಲೆ ಒಂದು ಗಳಿಗೆ ನಿಂತು ಉತ್ತರಕ್ಕಾಗಿ ಕಾಯಬೇಕು. 'ಹೀಗೇ ನಡೀತಾ ಉಂಟು' ಎಂಬ ಮಾತು ಬಂದರೆ, 'ಹೀಗೇ ಅಂದರೆ ಹೇಗೆ?' ಎಂದು ಇನ್ನೊಮ್ಮೆ ಕೇಳಬೇಕು. ಅಷ್ಟು ಮಾಡಿದರೆ ಸಾಕು ಎಂದು ಹೇಳಿ ನನ್ನ ಮಾತನ್ನು ಮುಗಿಸುತ್ತೇನೆ.